ಯಾವ ವಯಸ್ಸಿಗೆ ಯಾವ ಕೋಚ್?

ಟೆನಿಸ್ ಅಕಾಡೆಮಿಯ ಜಾಹೀರಾತಿನಲ್ಲಿ ಗೆದ್ದ ಆಟಗಾರನ ಫೋಟೊ ದೊಡ್ಡದಾಗಿರುತ್ತದೆ. ಆತನಿಗೆ ಎಷ್ಟನೇ ವಯಸ್ಸಿನಲ್ಲಿ ಯಾರು ಏನು ಕಲಿಸಿದರು ಎಂಬ ವಿವರ ಇರುವುದು ಅಪರೂಪ. ಫೀಸು ಕಟ್ಟುವ ಅಪ್ಪ ಅಮ್ಮಂದಿರು ಮೊದಲು ಕೇಳಬೇಕಾದ್ದು ಅದನ್ನೇ. ಎಲ್ಲ ವಯಸ್ಸಿಗೂ ಒದಗುವ ಕೋಚ್ ಎಂಬುವರು ಈ ಆಟದಲ್ಲಿ ಬಹಳ ವಿರಳ.

ನೊವಾಕ್ ಜೊಕೊವಿಚ್‌ರನ್ನೇ ನೋಡಿ. ಸರ್ಬಿಯಾದ ಕೊಪಾವೊನಿಕ್ ಬೆಟ್ಟದ ತಾಣದಲ್ಲಿ ಆ ಪುಟ್ಟ ಹುಡುಗನ ಪ್ರತಿಭೆಯನ್ನು ಗುರುತಿಸಿದವರು ಕೋಚ್ ಯೆಲೆನಾ ಗೆನ್ಚಿಚ್. ಹೊಡೆತಗಳ ಜೊತೆಗೆ ಶಾಸ್ತ್ರೀಯ ಸಂಗೀತ ಕೇಳಿಸಿದರು, ಕವಿತೆ ಓದಿಸಿದರು. ತಾನು ಕಲಿಸಬಹುದಾದದ್ದು ಮುಗಿಯಿತು ಅನ್ನಿಸಿದಾಗ ಜರ್ಮನಿಯ ನಿಕಿ ಪಿಲಿಚ್ ಅವರ ಅಕಾಡೆಮಿಗೆ ದಾರಿ ಮಾಡಿಕೊಟ್ಟರು. 2006ರಲ್ಲಿ ಮರಿಯನ್ ವಾಯ್ಡಾ ಕೋಚ್ ಆಗಿ ಬಂದರು. 2014ರಿಂದ 2016ರವರೆಗೆ ಬೋರಿಸ್ ಬೆಕರ್ ಜೊತೆಗಿದ್ದಾಗ ಆರು ಗ್ರ್ಯಾನ್‌ಸ್ಲಾಮ್ ಬಂದವು. ಹೆಸರೆಲ್ಲ ಬೆಕರ್‌ಗೆ ಹೋಯಿತು. ಆಗಲೂ ವಾಯ್ಡಾ ತಂಡದಲ್ಲೇ ಇದ್ದರು. 2017ರಲ್ಲಿ ವಾಯ್ಡಾರನ್ನು ಬಿಟ್ಟು ಆಂಡ್ರೆ ಅಗಾಸಿಯಂಥ ದಿಗ್ಗಜನನ್ನು ಕರೆತಂದರೂ ದೊಡ್ಡ ಪ್ರಶಸ್ತಿ ಕೈಗೆ ಬರಲಿಲ್ಲ. ಮೊಣಕೈ ನೋವಿನ ಪಾಲೂ ಅದರಲ್ಲಿತ್ತು, ನಿಜ. ಆದರೆ 2018ರಲ್ಲಿ ವಾಯ್ಡಾ ಮರಳಿದರು, ಅದೇ ವರ್ಷ ವಿಂಬಲ್ಡನ್, ಯುಎಸ್ ಓಪನ್ ಎರಡೂ ಬಂದವು. ದೊಡ್ಡ ಆಟಗಾರನಾಗಿದ್ದವನು ದೊಡ್ಡ ಕೋಚ್ ಆಗಿಯೇ ತೀರುತ್ತಾನೆಂಬ ನಂಬಿಕೆಗೆ ಇಲ್ಲಿ ಆಧಾರ ಸಿಗುವುದಿಲ್ಲ.

ಕೋಚ್‌ಗಳಲ್ಲಿ ಅತ್ಯಂತ ಮುಖ್ಯರು, ಅತ್ಯಂತ ಕಡಿಮೆ ಗೌರವ ಪಡೆಯುವವರು, ಅಡಿಪಾಯ ಹಾಕುವವರು. ಮಾಮೂಲಿ ಹಳದಿ ಚೆಂಡು ಏಳೆಂಟು ವರ್ಷದ ಮಗುವಿನ ಭುಜಕ್ಕಿಂತ ಮೇಲೆ ಪುಟಿಯುತ್ತದೆ. ಅದನ್ನು ಎಟುಕಿಸಿಕೊಳ್ಳಲು ಮಗು ಗ್ರಿಪ್ಪನ್ನೇ ತಿರುಚಿಕೊಳ್ಳುತ್ತದೆ, ಮುಂದೆ ಆ ಅಭ್ಯಾಸ ಬಿಡಿಸುವುದು ಕಷ್ಟ. ಅದಕ್ಕೇ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದ ಹತ್ತು ವರ್ಷದೊಳಗಿನವರ ಸ್ಪರ್ಧೆಗಳಿಗೆ ಕೆಂಪು, ಕಿತ್ತಳೆ, ಹಸಿರು ಬಣ್ಣದ ನಿಧಾನ ಚೆಂಡುಗಳನ್ನು ಕಡ್ಡಾಯ ಮಾಡಿತು. ಚಿಕ್ಕ ಮಕ್ಕಳ ಕೈಗೆ ಮೊದಲ ದಿನವೇ ಹಳದಿ ಚೆಂಡು ಕೊಡುವ ಕೋಚ್, ಎಷ್ಟೇ ಪದಕ ಗೆದ್ದಿರಲಿ, ಆ ವಯಸ್ಸಿಗೆ ತಕ್ಕವರಲ್ಲ.

ಎರಡನೆಯ ಬಗೆಯವರು ಬುಟ್ಟಿಗಟ್ಟಲೆ ಚೆಂಡು ಹೊಡೆಸುವವರು. ಅಗಾಸಿಯ ತಂದೆ ದಿನಕ್ಕೆ 2,500 ಚೆಂಡಿನ ಲೆಕ್ಕ ಹಾಕಿದ್ದರು. ಹೊಡೆತ ಪಳಗಿತು, ಆದರೆ ಟೆನಿಸ್ಸನ್ನು ದ್ವೇಷಿಸುತ್ತಿದ್ದೆನೆಂದು ಮಗ ಆತ್ಮಕಥೆಯಲ್ಲಿ ಬರೆದುಕೊಂಡ. ಒಂದೇ ಜಾಗದಿಂದ, ಒಂದೇ ವೇಗದಲ್ಲಿ ಬರುವ ಚೆಂಡು ಕೈಯನ್ನು ತಿದ್ದುತ್ತದೆ, ಯೋಚನೆಯನ್ನು ಬೆಳೆಸುವುದಿಲ್ಲ. ಆ ಕೊರತೆ ತುಂಬಿದವರು ತಂತ್ರ ಕಲಿಸುವ ಮೂರನೆಯ ಬಗೆಯವರಾದ ಬ್ರಾಡ್ ಗಿಲ್ಬರ್ಟ್. ಆಕರ್ಷಕ ಹೊಡೆತಗಳಿಲ್ಲದೆಯೇ ವಿಶ್ವದ ನಾಲ್ಕನೇ ರ‍್ಯಾಂಕ್ ಮುಟ್ಟಿದ್ದ ಗಿಲ್ಬರ್ಟ್, ಎದುರಾಳಿಯ ದೌರ್ಬಲ್ಯ ಓದುವುದನ್ನು ಕಲಿಸಿದರು. ಅಗಾಸಿ ಶ್ರೇಯಾಂಕವಿಲ್ಲದೆ 1994ರ ಯುಎಸ್ ಓಪನ್ ಗೆದ್ದರು. ಆದರೆ ಹೊಡೆತವೇ ಕೂರದ ಹತ್ತರ ಹುಡುಗನಿಗೆ ಗಿಲ್ಬರ್ಟ್ ಸಿಕ್ಕಿದ್ದರೂ ಲಾಭವಾಗುತ್ತಿರಲಿಲ್ಲ.

ಮನೆಯವರೇ ಕೋಚ್ ಆಗುವುದೂ ಉಂಟು. ಮಹೇಶ್ ಭೂಪತಿಗೆ ತಂದೆ ಕೃಷ್ಣ ಭೂಪತಿ, ರಾಫೆಲ್ ನಡಾಲ್‌ಗೆ ಚಿಕ್ಕಪ್ಪ ಟೋನಿ. ಈ ಕಥೆಗಳು ಆಕರ್ಷಕ, ಅಪಾಯಕಾರಿಯೂ ಹೌದು. ಗೆದ್ದ ಮನೆಗಳ ಸುದ್ದಿಯಷ್ಟೇ ನಮಗೆ ತಲುಪುತ್ತದೆ. ಸೋತ ದಿನ ಊಟದ ತಟ್ಟೆಯ ಮುಂದೆಯೂ ಪಂದ್ಯದ ಪೋಸ್ಟ್‌ಮಾರ್ಟಂ ನಡೆಯುವ ಮನೆಯಲ್ಲಿ ಹೊರಗಿನ ಕೋಚ್ ಇರುವುದೇ ಒಳಿತು.

ನಲವತ್ತರಲ್ಲಿ ರಾಕೆಟ್ ಹಿಡಿದವರ ಅಗತ್ಯ ಬೇರೆ. ಕ್ಲಬ್ಬಿನ ಮಾರ್ಕರ್ (ಸದಸ್ಯರ ಜೊತೆ ಆಡಲೆಂದೇ ಇರುವ ಆಟಗಾರ) ಜೊತೆ ವಾರಕ್ಕೆರಡು ದಿನ ಆಡಿ, ಭುಜ ನೋಯದಂತೆ ಸರ್ವ್ ತಿದ್ದಿಸಿಕೊಂಡರೆ ಸಾಕು. ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ, 2024ರಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಸವೆದ ಮೊಣಕಾಲುಗಳಿಗೆ ಅವರು ನೆಚ್ಚಿಕೊಂಡದ್ದು ಅಯ್ಯಂಗಾರ್ ಯೋಗವನ್ನು. ಆ ವಯಸ್ಸಿನಲ್ಲಿ ಮೈ ಕಾಯುವವರೂ ಕೋಚ್‌ನಷ್ಟೇ ಮುಖ್ಯ.

2025ರಿಂದ ಪಂದ್ಯದ ನಡುವೆ ಅಂಗಳದಾಚೆಯಿಂದ ಸಲಹೆ ಕೊಡಲು ನಿಯಮವೇ ಅವಕಾಶ ಕೊಟ್ಟಿದೆ. ಹಾಗೆಂದು ಪ್ರತಿ ಪಾಯಿಂಟಿಗೂ ಕೂಗುವ ಕೋಚ್ ಉತ್ತಮರಾಗಿಬಿಡುವುದಿಲ್ಲ. ರೋಜರ್ ಫೆಡರರ್ 2004ರಲ್ಲಿ ಕಾಯಂ ಕೋಚ್ ಇಲ್ಲದೆಯೇ ಮೂರು ಗ್ರ್ಯಾನ್‌ಸ್ಲಾಮ್ ಗೆದ್ದರು. ಹಿಂದೆ ಪೀಟರ್ ಕಾರ್ಟರ್‌ರಂಥವರು ಕಲಿಸಿದ್ದು ಅಷ್ಟು ಗಟ್ಟಿಯಾಗಿತ್ತು. ಇನ್ನೊಬ್ಬರ ಹಂಗಿಲ್ಲದೆ ಆಡುವಂತೆ ಮಾಡುವುದೇ ಕೋಚಿಂಗ್‌ನ ಗುರಿ.

ಆದ್ದರಿಂದ ಫೀಸು ಕಟ್ಟುವ ಮೊದಲು ಒಂದು ಬೆಳಿಗ್ಗೆ ಅಂಗಳದ ಬದಿಯಲ್ಲಿ ಕುಳಿತು ನೋಡಿ. ಒಂದು ಕೋರ್ಟಿನಲ್ಲಿ ಎಷ್ಟು ಮಕ್ಕಳಿದ್ದಾರೆ? ಆಡುವುದಕ್ಕಿಂತ ಸಾಲಿನಲ್ಲಿ ನಿಲ್ಲುವುದೇ ಹೆಚ್ಚೇ? ಎಲ್ಲರಿಗಿಂತ ದುರ್ಬಲ ಮಗುವಿನ ಜೊತೆ ಕೋಚ್ ಹೇಗೆ ಮಾತಾಡುತ್ತಾರೆ? ಕೊನೆಗೆ ನೇರವಾಗಿ ಕೇಳಿ: ನಿಮ್ಮ ಬಳಿ ಕಲಿತ ಮೇಲೆ ನನ್ನ ಮಗುವನ್ನು ಯಾರ ಬಳಿ ಕಳಿಸುತ್ತೀರಿ? ಗೆನ್ಚಿಚ್ ಅವರಂತೆ ಇದಕ್ಕೆ ಹೆಸರು ಹಿಡಿದು ಉತ್ತರ ಕೊಡುವವರನ್ನು ಆರಿಸಿಕೊಳ್ಳಿ. ಕೊನೆಯವರೆಗೂ ನಾನೇ ಸಾಕು ಅನ್ನುವವರನ್ನು ಬಿಡಿ.