ಮೊದಲು ಅರ್ಥಿಂಗ್, ಆಮೇಲೆ ಬ್ಯಾಟರಿ

ಇನ್ವರ್ಟರ್ ಅಂಗಡಿಗೆ ಹೋದವರು ಕೇಳುವ ಮೊದಲ ಪ್ರಶ್ನೆ, ‘ಕರೆಂಟ್ ಹೋದರೆ ಎಷ್ಟು ಹೊತ್ತು ಬರುತ್ತೆ?’ ಎರಡನೆಯದು, ‘ಎಷ್ಟಾಗುತ್ತೆ?’ ಇವೆರಡಕ್ಕೆ ಉತ್ತರ ಸಿಕ್ಕರೆ ವ್ಯಾಪಾರ ಮುಗಿಯಿತು. ಮನೆಗೆ ಬರುವ ವೋಲ್ಟೇಜ್ ಎಲ್ಲಿಂದ ಎಲ್ಲಿಗೆ ಏರಿಳಿಯುತ್ತದೆ, ಅರ್ಥಿಂಗ್ ಸರಿಯಾಗಿದೆಯೇ, ಡಿಶ್ ಕೇಬಲ್ ಯಾವ ದಾರಿಯಲ್ಲಿ ಒಳಗೆ ಬಂದಿದೆ ಎಂಬುದನ್ನು ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಕೇಳುವುದಿಲ್ಲ. ಟಿವಿ, ಫ್ರಿಜ್, ವಾಷಿಂಗ್ ಮಷೀನ್, ಕಂಪ್ಯೂಟರ್ ಎಲ್ಲ ಸೇರಿದರೆ ಮಧ್ಯಮ ವರ್ಗದ ಮನೆಯಲ್ಲೂ ಲಕ್ಷ ರೂಪಾಯಿ ದಾಟುವ ಸಾಮಾನು ಗೋಡೆಯ ಸಾಕೆಟ್ಟುಗಳನ್ನು ನಂಬಿಕೊಂಡಿರುತ್ತದೆ. ಅದನ್ನು ಕಾಪಾಡಿಕೊಳ್ಳಲು ನಾವು ಬೆಳೆಸಿಕೊಂಡ ರೂಢಿ ತಲೆಕೆಳಗಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕತ್ತಲೆಯ ಭಯಕ್ಕೆ ಸಾವಿರಾರು ರೂಪಾಯಿ ಸುರಿಯುತ್ತೇವೆ. ಸಾಮಾನು ಸುಡುವುದು ಮಾತ್ರ ಕರೆಂಟ್ ಇದ್ದಾಗಲೇ.

ಮನೆಗೆ ಬರಬೇಕಾದ್ದು 230 ವೋಲ್ಟ್, 50 ಹರ್ಟ್ಸ್. ಅದು ನಾಲ್ಕು ಬಗೆಯಲ್ಲಿ ಕೆಡುತ್ತದೆ. ಒಂದು, ಕರೆಂಟೇ ಹೋಗುವುದು. ಎರಡು, ಸಂಜೆ ಹೊತ್ತು ಬಲ್ಬು ಡಿಮ್ ಆಗಿ ಫ್ಯಾನ್ ನಿಧಾನವಾಗುವ ಲೋ ವೋಲ್ಟೇಜ್. ಪಂಪ್‌ಸೆಟ್ಟುಗಳು ಹೆಚ್ಚಿರುವ ಲೈನಿನ ತುದಿಯ ಮನೆಗಳಿಗೆ ಇದು ನಿತ್ಯದ ಪಾಡು. ಮೂರು, ಸಿಡಿಲು ಬಡಿದಾಗ ಇಲ್ಲವೇ ದೊಡ್ಡ ಮೋಟಾರು ಆಫ್ ಆದಾಗ ತಂತಿಯಲ್ಲಿ ನುಗ್ಗುವ ಸರ್ಜ್. ಇದು ಇರುವುದು ಹತ್ತಾರು ಮೈಕ್ರೊಸೆಕೆಂಡ್ ಅಷ್ಟೇ, ಆದರೆ ಸಿಡಿಲಿನದಾದರೆ ಸಾವಿರಾರು ವೋಲ್ಟ್ ಹೊತ್ತು ತರುತ್ತದೆ. ನಾಲ್ಕು, ಗಾಳಿಗೆ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ತುಂಡಾಗುವುದು. ಆಗ ಮೂರು ಫೇಸುಗಳ ಮೇಲಿರುವ ಮನೆಗಳಿಗೆ ವೋಲ್ಟೇಜ್ ಅಡ್ಡಾದಿಡ್ಡಿ ಹಂಚಿಹೋಗುತ್ತದೆ. ಒಂದು ಮನೆಯಲ್ಲಿ ಬಲ್ಬು ಮಿಣುಕುತ್ತಿದ್ದರೆ ಪಕ್ಕದ ಮನೆಯಲ್ಲಿ 300 ದಾಟಿ 400 ವೋಲ್ಟಿನ ಹತ್ತಿರಕ್ಕೂ ಹೋಗಬಹುದು. ಸರ್ಜಿನ ಹಾಗೆ ಇದು ಬಂದು ಹೋಗುವುದಿಲ್ಲ, ಯಾರಾದರೂ ಮೇನ್ ಸ್ವಿಚ್ ಆಫ್ ಮಾಡುವ ತನಕ ಸುಡುತ್ತಲೇ ಇರುತ್ತದೆ. ಒಂದೇ ಬೀದಿಯಲ್ಲಿ ಒಂದೇ ರಾತ್ರಿ ಹಲವು ಮನೆಗಳ ಟಿವಿ, ಫ್ರಿಜ್ ಒಟ್ಟಿಗೆ ಸುಟ್ಟರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಈ ನಾಲ್ಕಕ್ಕೂ ಒಂದೇ ಪೆಟ್ಟಿಗೆಯಲ್ಲಿ ಪರಿಹಾರ ಇಲ್ಲ. ಯಾವ ಸಾಧನ ಯಾವುದನ್ನು ತಡೆಯುತ್ತದೆ, ಯಾವುದನ್ನು ತಡೆಯುವುದಿಲ್ಲ ಎಂದು ಒಂದೊಂದಾಗಿ ನೋಡದೆ ಒಳ್ಳೆಯದು ಕೆಟ್ಟದ್ದು ಎನ್ನಲಾಗದು.

ಎಲ್ಲರ ಮನೆಯಲ್ಲೂ ಇರುವ ಸ್ಪೈಕ್ ಬಸ್ಟರಿನಿಂದ ಶುರು ಮಾಡೋಣ. ಅಗ್ಗದ್ದೊಂದರ ಸ್ಕ್ರೂ ಬಿಚ್ಚಿದರೆ ಒಳಗೆ ಕಾಣುವುದು ಮೂರು ಉದ್ದನೆಯ ಹಿತ್ತಾಳೆ ಪಟ್ಟಿ, ಒಂದು ಸ್ವಿಚ್ಚು, ಒಂದು ಫ್ಯೂಸು. ಅದೃಷ್ಟವಿದ್ದರೆ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಬೆಸೆದ, ಒಂದೂವರೆ ಸೆಂಟಿಮೀಟರ್ ಅಗಲದ ಒಂದು ನೀಲಿ ಬಿಲ್ಲೆ. ಜಿಂಕ್ ಆಕ್ಸೈಡಿನಿಂದ ಮಾಡಿದ ಆ ಬಿಲ್ಲೆಯ ಹೆಸರು ಎಂಒವಿ. ಸರ್ಜನ್ನು ತಡೆಯುವ ಕೆಲಸವೆಲ್ಲ ಅದರದ್ದೇ. ಮಾಮೂಲಿ ವೋಲ್ಟೇಜಿನಲ್ಲಿ ಅದು ಸುಮ್ಮನಿರುತ್ತದೆ. ವೋಲ್ಟೇಜ್ ಮಿತಿ ಮೀರಿದ ಕ್ಷಣ ದಾರಿ ಬಿಟ್ಟುಕೊಟ್ಟು ಹೆಚ್ಚಿನ ಹೊರೆಯನ್ನು ತನ್ನ ಮೂಲಕ ಹರಿಸುತ್ತದೆ. ಇದರ ಸಾಮರ್ಥ್ಯವನ್ನು ಜೂಲ್‌ಗಳಲ್ಲಿ ಹೇಳುತ್ತಾರೆ. ಡಬ್ಬದ ಮೇಲೆ ಜೂಲ್ ಲೆಕ್ಕವೇ ಇಲ್ಲದಿದ್ದರೆ ಅದನ್ನು ಎಕ್ಸ್‌ಟೆನ್ಷನ್ ಬಾಕ್ಸ್ ಎಂದೇ ತಿಳಿದುಕೊಳ್ಳಬೇಕು. ಒಳ್ಳೆಯದರಲ್ಲಿ ಮೂರು ಬಿಲ್ಲೆಗಳಿರುತ್ತವೆ: ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ನಡುವೆ ಒಂದೊಂದು. ಬಿಸಿಯಾದರೆ ಕಡಿದುಹೋಗುವ ಥರ್ಮಲ್ ಫ್ಯೂಸ್ ಇರುತ್ತದೆ. ರಕ್ಷಣೆ ಇನ್ನೂ ಉಳಿದಿದೆ ಎಂದು ತೋರಿಸಲು ಬೇರೆಯೇ ಒಂದು ದೀಪ ಇರುತ್ತದೆ. ಅಗ್ಗದ ಬಾಕ್ಸಿನ ಕೆಂಪು ದೀಪ ಹೇಳುವುದು ಕರೆಂಟ್ ಇದೆ ಎಂದಷ್ಟೇ. ಎಂಒವಿ ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಒಂದು ದಿನ ಸತ್ತುಹೋಗುತ್ತದೆ. ಸತ್ತ ಮೇಲೂ ಆ ದೀಪ ಹಾಗೇ ಉರಿಯುತ್ತಿರುತ್ತದೆ. ಅದನ್ನು ನೋಡಿಕೊಂಡು ನಿಶ್ಚಿಂತೆಯಿಂದಿರುವ ಮನೆಗಳು ಬೇಕಾದಷ್ಟಿವೆ.

ಇನ್ನೊಂದು ಮುಖ್ಯ ವಿಷಯ. ನಮ್ಮಲ್ಲಿ ಬಳಸುವ ಎಂಒವಿಗಳು ಹೆಚ್ಚಾಗಿ 275 ವೋಲ್ಟಿನವು. ನ್ಯೂಟ್ರಲ್ ಹರಿದು ಮನೆಗೆ 350 ವೋಲ್ಟ್ ಬಂದರೆ ಮೈಕ್ರೊಸೆಕೆಂಡುಗಳಿಗೆಂದು ಮಾಡಿದ ಆ ಬಿಲ್ಲೆ ನಿಮಿಷಗಟ್ಟಲೆ ತಾಳಲಾರದು. ಬಿಸಿಯಾಗಿ, ಹೊಗೆಯಾಡಿ, ಬೆಂಕಿಯನ್ನೂ ಹತ್ತಿಸೀತು. ಆ ತೊಂದರೆಗೆ ಬೇಕಾದದ್ದು ಮೇನ್ ಬೋರ್ಡಿನಲ್ಲಿ ಎಂಸಿಬಿಯ ಪಕ್ಕ ಕೂರುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ಮಿತಿ ದಾಟಿದೊಡನೆ ಇಡೀ ಮನೆಯ ಲೈನ್ ಕಡಿದು, ವೋಲ್ಟೇಜ್ ಸರಿಹೋದ ಮೇಲೆ ತಾನೇ ಜೋಡಿಸಿಕೊಳ್ಳುತ್ತದೆ. ಇದರ ಬೆಲೆ ಒಂದು ಇನ್ವರ್ಟರ್ ಬ್ಯಾಟರಿಯ ಬೆಲೆಯಲ್ಲಿ ಸಣ್ಣದೊಂದು ಪಾಲು. ಆದರೂ ಇದರ ಹೆಸರು ಕೇಳಿದವರೇ ಕಡಿಮೆ. ಎಂಸಿಬಿ ಇದೆಯಲ್ಲ ಎನ್ನುವವರಿದ್ದಾರೆ. ಎಂಸಿಬಿ ನೋಡುವುದು ಹರಿಯುವ ಆಂಪಿಯರ್ ಎಷ್ಟು ಎಂದು, ವೋಲ್ಟೇಜ್ ಎಷ್ಟು ಎಂದಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಶಾಕ್‌ನಿಂದ ಜೀವ ಉಳಿಸುತ್ತದೆ, ಟಿವಿಯನ್ನು ಉಳಿಸುವುದಿಲ್ಲ.

ಇನ್ನು ಅರ್ಥಿಂಗ್. ಕೋಡಿ ಕಟ್ಟಿಸಿ, ಕೋಡಿಯ ನೀರು ಹರಿದುಹೋಗಲು ಹಳ್ಳ ಬಿಡದಿದ್ದರೆ ಕೆರೆ ಉಳಿಯುವುದಿಲ್ಲ. ಅರ್ಥ್ ಇಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರಿನ ಪಾಡೂ ಅಷ್ಟೇ. ಅರ್ಥಿಗೆ ಜೋಡಿಸಿದ ಬಿಲ್ಲೆಗಳಿಗೆ ಹೊರೆಯನ್ನು ಬಿಡಲು ಜಾಗವೇ ಇರುವುದಿಲ್ಲ. ಇದ್ದಲು, ಉಪ್ಪು ತುಂಬಿ ಪೈಪ್ ಹೂತ ಗುಂಡಿ ಮನೆ ಕಟ್ಟಿದ ವರ್ಷ ಚೆನ್ನಾಗಿಯೇ ಇರುತ್ತದೆ. ಆಮೇಲೆ ಅದರ ಮೇಲೆ ಟೈಲ್ಸ್ ಬೀಳುತ್ತದೆ, ಹೂಕುಂಡ ಕೂರುತ್ತದೆ. ಬೇಸಗೆಯಲ್ಲಿ ನೆಲ ಒಣಗಿದಂತೆ ಅದರ ರೋಧ ಏರುತ್ತಾ ಹೋಗುತ್ತದೆ. ಕರಾವಳಿಯ ಮುರಕಲ್ಲಿನಲ್ಲಿ, ಕೋಲಾರದ ಕಡೆಯ ಬಂಡೆ ನೆಲದಲ್ಲಿ ಒಳ್ಳೆಯ ಅರ್ಥ್ ಸಿಗುವುದು ಮೊದಲೇ ಕಷ್ಟ. ಸಿಡಿಲು ಜೋರಾಗುವುದು ಅಶ್ವಿನಿ, ಭರಣಿ ಮಳೆಗಳಲ್ಲಿ, ಅಂದರೆ ನೆಲ ಇನ್ನೂ ಕಾದು ಒಣಗಿರುವಾಗ. ಅರ್ಥ್ ತೀರಾ ಬೇಕಾಗುವ ಹೊತ್ತಿನಲ್ಲೇ ಅದು ತೀರಾ ದುರ್ಬಲವಾಗಿರುತ್ತದೆ. ಯುಗಾದಿ ಕಳೆದ ಮೇಲೆ ಗುಂಡಿಗೆ ಆಗಾಗ ನೀರು ಹಾಕುವುದು, ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಟೆಸ್ಟರಿನಿಂದ ಅಳೆಯಿಸುವುದು, 5 ಓಮ್‌ಗಿಂತ ಕೆಳಗೆ ಇರುವಂತೆ ನೋಡಿಕೊಳ್ಳುವುದು: ಇಷ್ಟಕ್ಕೆ ಖರ್ಚೆಂದರೆ ಒಂದು ಹೊತ್ತಿನ ಕೂಲಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ ಉದ್ದವಾಗಿ ಇರುವುದಕ್ಕೆ ಕಾರಣವಿದೆ. ಪ್ಲಗ್ ಹಾಕುವಾಗ ಎಲ್ಲಕ್ಕಿಂತ ಮೊದಲು ಅರ್ಥ್ ಕೂಡಬೇಕು, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಆ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವ ಅಭ್ಯಾಸ ನಮ್ಮಲ್ಲಿ ಎಷ್ಟು ಸಲೀಸಾಗಿ ನಡೆಯುತ್ತದೆ ಎಂಬುದನ್ನು ಕಂಡಾಗ ಸಂಕಟವಾಗುತ್ತದೆ.

ಅರ್ಥ್ ಗಟ್ಟಿ ಇದ್ದರೆ ಮೇನ್ ಬೋರ್ಡಿನಲ್ಲಿ ಟೈಪ್ 2 ಎಸ್‌ಪಿಡಿ (ಸರ್ಜ್ ಪ್ರೊಟೆಕ್ಷನ್ ಡಿವೈಸ್) ಹಾಕಿಸುವುದು ಮುಂದಿನ ಹೆಜ್ಜೆ. ಹತ್ತು ಸ್ಪೈಕ್ ಬಸ್ಟರಿಗಿಂತ ಇದೊಂದು ಮೇಲು, ಏಕೆಂದರೆ ಹೊಡೆತದ ಹೆಚ್ಚಿನ ಭಾಗವನ್ನು ಬೋರ್ಡಿನಲ್ಲೇ ಇಳಿಸುತ್ತದೆ. ಆದರೆ ಅದನ್ನು ಜೋಡಿಸುವ ರೀತಿ ನೋಡಿಕೊಳ್ಳಬೇಕು. ಎಸ್‌ಪಿಡಿಯ ಎರಡು ಬದಿಯ ತಂತಿಯೂ ಸೇರಿ ಅರ್ಧ ಮೀಟರ್ ಮೀರಬಾರದು. ಬೋರ್ಡಿನೊಳಗೆ ತಂತಿಯನ್ನು ಸುರುಳಿ ಸುತ್ತಿ ಇಟ್ಟರೆ ಸರ್ಜಿನ ವೇಗಕ್ಕೆ ಆ ಸುರುಳಿಯೇ ಅಡ್ಡಗೋಡೆಯಾಗುತ್ತದೆ. ಅದರ ಮುಖದ ಪುಟ್ಟ ಕಿಟಕಿ ಹಸಿರಿನಿಂದ ಕೆಂಪಾದರೆ ಬದಲಾಯಿಸಬೇಕು. ಇಷ್ಟಾದರೂ ಮನೆಯ ಮೇಲೆ ನೇರ ಬಡಿಯುವ ಸಿಡಿಲಿಗೆ ಇದು ಸಾಲದು.

ಹೊಡೆತ ಬರುವ ದಾರಿ ಕರೆಂಟ್ ತಂತಿಯೊಂದೇ ಅಲ್ಲ. ತಾರಸಿಯ ಮೇಲಿನ ಡಿಶ್‌ನಿಂದ ಇಳಿಯುವ ಕೇಬಲ್ಲು ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ವೈರಿನ ಮೂಲಕ ಟಿವಿಗೆ ಸಿಡಿಲನ್ನು ನೇರ ಕರೆತರುತ್ತದೆ. ಟಿವಿಯ ಪವರ್ ಬೋರ್ಡು ನೆಟ್ಟಗಿದ್ದು ಎಚ್‌ಡಿಎಂಐ ಭಾಗ ಮಾತ್ರ ಸುಟ್ಟಿದ್ದರೆ ಹೊಡೆತ ಬಂದ ದಾರಿ ಯಾವುದೆಂದು ಅನುಮಾನವೇ ಬೇಡ. ಮಲೆನಾಡಿನ ಮನೆಗಳಲ್ಲಿ ಮೋಡ ಕವಿಯುತ್ತಿದ್ದಂತೆ ಅಜ್ಜಿಯರು ‘ಪ್ಲಗ್ ಕಿತ್ತಿಡೋ, ಡಿಶ್ ವೈರ್ ತೆಗೆಯೋ’ ಎಂದು ಕೂಗುತ್ತಾರಲ್ಲ, ಈ ಲೇಖನದಲ್ಲಿ ತೂಗಿ ನೋಡುತ್ತಿರುವ ಉಪಾಯಗಳಲ್ಲಿ ಅತ್ಯುತ್ತಮವಾದದ್ದು ಅದೇ. ಸ್ವಿಚ್ ಆಫ್ ಮಾಡಿದರೆ ಸಾಲದು. ನಮ್ಮ ಗೋಡೆಯ ಸ್ವಿಚ್ಚು ಕಡಿಯುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಜೋಡಿಕೊಂಡೇ ಇರುತ್ತದೆ. ಸ್ವಿಚ್ಚಿನೊಳಗಿನ ಕೆಲವೇ ಮಿಲಿಮೀಟರ್ ಅಂತರವನ್ನು ಸಿಡಿಲು ಹಾರಿ ದಾಟುತ್ತದೆ. ಪ್ಲಗ್ಗನ್ನು ಸಾಕೆಟ್ಟಿನಿಂದ ಹೊರಗೆ ಎಳೆದಿಡಬೇಕು, ಅದೂ ಗುಡುಗು ತಲೆಯ ಮೇಲೆ ಬರುವ ಮೊದಲು.

ಫ್ರಿಜ್ಜಿನ ಸಮಸ್ಯೆ ಬೇರೆ. ಲೋ ವೋಲ್ಟೇಜಿನಲ್ಲಿ ಕಂಪ್ರೆಸರ್ ತಿರುಗಲಾರದೆ ಬಿಸಿಯಾಗುತ್ತದೆ. ಕರೆಂಟ್ ಹೋಗಿ ತಕ್ಷಣ ಬಂದಾಗ ಒಳಗಿನ ಒತ್ತಡ ಇಳಿಯುವ ಮೊದಲೇ ಮತ್ತೆ ಓಡಲು ಹೋಗಿ ತಿಣುಕುತ್ತದೆ. ಹಳೆಯ ಮಾದರಿಗೆ ಸ್ಟೆಬಿಲೈಸರ್ ಬೇಕೇ ಬೇಕು, ಅದರಲ್ಲಿ ಕೆಲವು ನಿಮಿಷ ತಡೆದು ಕರೆಂಟ್ ಬಿಡುವ ಟೈಮ್ ಡಿಲೇ ಇರಲೇಬೇಕು. ಇನ್ವರ್ಟರ್ ಕಂಪ್ರೆಸರಿನ ಹೊಸ ಫ್ರಿಜ್ಜುಗಳು ಹೆಚ್ಚಿನ ಏರಿಳಿತವನ್ನು ತಾವೇ ತಾಳುತ್ತವೆ. ಕೈಪಿಡಿಯಲ್ಲಿ ವೋಲ್ಟೇಜ್ ಮಿತಿ ನೋಡಿ ನಿರ್ಧರಿಸಿದರೆ ಆಯಿತು. ಸ್ಟೆಬಿಲೈಸರ್ ಸರ್ಜನ್ನು ತಡೆಯುತ್ತದೆಂದು ಮಾತ್ರ ನಂಬಬಾರದು. ಅದರ ರಿಲೇ ಕಟಕ್ ಎನ್ನುವಷ್ಟರಲ್ಲಿ ಸರ್ಜ್ ಬಂದು ಹೋಗಿಯಾಗಿರುತ್ತದೆ.

ಕೊನೆಗೆ ಬ್ಯಾಟರಿ. 12 ವೋಲ್ಟಿನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇದೆ. ಪೂರ್ತಿ ಬರಿದು ಮಾಡಿದರೆ ಬ್ಯಾಟರಿ ಹಾಳು, ಇನ್ವರ್ಟರೂ ಒಂದಿಷ್ಟು ತಿನ್ನುತ್ತದೆ. ಹಾಗಾಗಿ ಕೈಗೆ ಸಿಗುವುದು 1100ರ ಆಸುಪಾಸು ಎಂದಿಟ್ಟುಕೊಳ್ಳುವುದು ಕ್ಷೇಮ. 75 ವ್ಯಾಟಿನ ಎರಡು ಹಳೆಯ ಫ್ಯಾನು, 9 ವ್ಯಾಟಿನ ನಾಲ್ಕು ಬಲ್ಬು, ಒಂದು ಟಿವಿ, ಒಂದು ರೂಟರ್ ಸೇರಿದರೆ ಸುಮಾರು 275 ವ್ಯಾಟ್. ನಾಲ್ಕು ಗಂಟೆ ಬರುತ್ತದೆ. ಫ್ಯಾನುಗಳನ್ನು 30 ವ್ಯಾಟಿನ ಬಿಎಲ್‌ಡಿಸಿಗೆ ಬದಲಿಸಿದರೆ ಅದೇ ಬ್ಯಾಟರಿ ಆರು ಗಂಟೆಯ ಹತ್ತಿರ ಎಳೆಯುತ್ತದೆ. ದೊಡ್ಡ ಬ್ಯಾಟರಿಗೆ ಕೊಡುವ ಹೆಚ್ಚುವರಿ ದುಡ್ಡನ್ನು ಫ್ಯಾನಿಗೆ ಕೊಟ್ಟರೆ ದಿನದ ಬಿಲ್ಲೂ ಇಳಿಯುತ್ತದೆ.

ಇನ್ವರ್ಟರಿನ ಬಗ್ಗೆ ನನ್ನ ದೊಡ್ಡ ತಕರಾರು ಅದರ ಹಿಂಬದಿಯ ಪುಟ್ಟ ಸ್ವಿಚ್ಚಿನದು. ಬಹಳಷ್ಟು ಮಾದರಿಗಳಲ್ಲಿ ನಾರ್ಮಲ್, ಯುಪಿಎಸ್ ಎಂಬ ಎರಡು ಮೋಡ್ ಇವೆ. ನಾರ್ಮಲ್‌ನಲ್ಲಿದ್ದರೆ ಹೆಚ್ಚುಕಡಿಮೆ 100ರಿಂದ 290 ವೋಲ್ಟಿನ ತನಕ ಬಂದದ್ದನ್ನು ಬಂದ ಹಾಗೆಯೇ ಮನೆಯೊಳಗೆ ಬಿಡುತ್ತದೆ. ಯುಪಿಎಸ್ ಮೋಡಿನಲ್ಲಿ 180ರಿಂದ 260ರ ಹೊರಗಿನದನ್ನು ತಡೆದು ಬ್ಯಾಟರಿಗೆ ಹೊರಳುತ್ತದೆ, ಹೊರಳುವುದೂ ಬೇಗ. ಲೋ ವೋಲ್ಟೇಜಿನ ಊರಿನಲ್ಲಿ ಯುಪಿಎಸ್ ಮೋಡ್ ಹಾಕಿದರೆ ಬ್ಯಾಟರಿ ಪದೇ ಪದೇ ಇಳಿಯುತ್ತದೆ, ಚಾರ್ಜ್ ಆಗಲು ಬಿಡುವೇ ಸಿಗುವುದಿಲ್ಲ ಎಂಬ ತೊಡಕೂ ಇದೆ. ಅದನ್ನೆಲ್ಲ ಹೇಳಿ, ನಮ್ಮ ಲೈನಿಗೆ ತಕ್ಕ ಮೋಡ್ ಆರಿಸಿಕೊಡುವುದು ಜೋಡಿಸಲು ಬಂದವರ ಕರ್ತವ್ಯ. ಹೆಚ್ಚಿನವರು ಆ ಸ್ವಿಚ್ಚನ್ನು ಮುಟ್ಟುವುದೂ ಇಲ್ಲ, ಅದರ ಮಾತೂ ಎತ್ತುವುದಿಲ್ಲ. ಇನ್ನು ಕೆಲವರು ಇನ್ವರ್ಟರ್ ಲೈನಿನ ನ್ಯೂಟ್ರಲ್ಲನ್ನು ಬೇರೆ ಲೈನಿನದರೊಂದಿಗೆ ಬೆರೆಸಿ, ಆರ್‌ಸಿಸಿಬಿ ಟ್ರಿಪ್ ಆಗತೊಡಗಿದರೆ ಅದನ್ನೇ ಕಿತ್ತುಹಾಕುತ್ತಾರೆ. ಪ್ರಾಣ ಕಾಯುವ ಸಾಧನವನ್ನು ಫ್ಯಾನ್ ತಿರುಗಿಸಲು ಬಲಿಕೊಡುವ ಈ ಕೆಲಸವನ್ನು ಯಾರ ಮನೆಯಲ್ಲೂ ಒಪ್ಪಬಾರದು.

ಡೆಸ್ಕ್‌ಟಾಪ್ ಇರುವವರಿಗೆ 600 ವಿಎ ಯುಪಿಎಸ್ ಸಾಕು. ಆದರೆ ವಿಎ ಅಂದರೆ ವ್ಯಾಟ್ ಅಲ್ಲ. 600 ವಿಎ ಎಂದು ಬರೆದದ್ದು ಹೊರುವುದು ಸಾಮಾನ್ಯವಾಗಿ 360 ವ್ಯಾಟ್. ಒಳಗಿರುವ 12 ವೋಲ್ಟ್, 7 ಎಎಚ್ ಬ್ಯಾಟರಿ ಕೆಲಸ ಸೇವ್ ಮಾಡಿ ಮುಚ್ಚಲು ಕೆಲವು ನಿಮಿಷ ಕೊಡುತ್ತದೆ, ಸಿನಿಮಾ ನೋಡಲು ಅಲ್ಲ. ಲೇಸರ್ ಪ್ರಿಂಟರ್ ಅದಕ್ಕೆ ಜೋಡಿಸಬಾರದು. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇರುವುದರಿಂದ ಬೇಕಾದದ್ದು ರೂಟರಿಗೆ ಒಂದು 12 ವೋಲ್ಟಿನ ಮಿನಿ ಯುಪಿಎಸ್ ಅಷ್ಟೇ. ಅಲ್ಲಿ 8800 ಎಂಎಎಚ್ ಎಂದು ಬರೆದಿದ್ದರೆ ಅದು 3.7 ವೋಲ್ಟಿನ ಸೆಲ್ಲಿನ ಲೆಕ್ಕ, ಅಂದರೆ 32 ವ್ಯಾಟ್-ಅವರ್. 10 ವ್ಯಾಟಿನ ರೂಟರನ್ನು ಎರಡೂವರೆ-ಮೂರು ಗಂಟೆ ನಡೆಸಬಲ್ಲದು. ಮನೆಯಿಂದ ಕೆಲಸ ಮಾಡುವ ಮಕ್ಕಳಿರುವ ಅದೆಷ್ಟೋ ಮನೆಗಳಿಗೆ ದೊಡ್ಡ ಇನ್ವರ್ಟರಿಗಿಂತ ಇದೇ ಸರಿಯಾದ ಕೊಳ್ಳಿಕೆ.

ಆದ್ದರಿಂದ ಖರ್ಚಿನ ಕ್ರಮ ಹೀಗಿರಲಿ: ಅರ್ಥಿಂಗ್, ಆರ್‌ಸಿಸಿಬಿ, ವೋಲ್ಟೇಜ್ ಪ್ರೊಟೆಕ್ಟರ್, ಎಸ್‌ಪಿಡಿ, ಅದಾದ ಮೇಲೆ ಬ್ಯಾಟರಿ. ಬಾಡಿಗೆ ಮನೆಯವರು ಗುಂಡಿ ತೋಡಿಸಲಾರರು ನಿಜ. ಆದರೆ ಅಡ್ವಾನ್ಸ್ ಕೊಡುವ ಮುನ್ನ ಬಾಗಿಲು, ನಲ್ಲಿ, ಗೀಸರ್ ನೋಡುವ ಹಾಗೆಯೇ ಅರ್ಥ್ ಇದೆಯೇ ಎಂದು ಪರೀಕ್ಷೆ ಮಾಡಿಸಿ ಕೇಳುವ ಹಕ್ಕು ಅವರಿಗಿದೆ. ಇಲ್ಲದ ಮನೆಗೆ ಮಾಡಿಸಿಕೊಡಬೇಕಾದ್ದು ಮಾಲೀಕರ ಹೊಣೆ. ಹೊಸ ಮನೆ ಕಟ್ಟಿಸುವವರು ಕಂಟ್ರಾಕ್ಟರಿನಿಂದ ಬೀಗದ ಕೈ ತೆಗೆದುಕೊಳ್ಳುವಾಗ ಅರ್ಥ್ ಎಷ್ಟು ಓಮ್ ಇದೆ ಎಂಬುದನ್ನು ಅಳೆಯಿಸಿ, ಬರೆಯಿಸಿಕೊಂಡು, ಮನೆಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಬೇಕು. ಆ ಅಂಕಿ ಕೊಡದ ಎಲೆಕ್ಟ್ರಿಷಿಯನ್ನಿಗೆ ಕೊನೆಯ ಕಂತು ಕೊಡಬಾರದು. ಸಾಮಾನಿನ ಮಾತು ಒತ್ತಟ್ಟಿಗಿರಲಿ, ಗೀಸರ್ ಮುಟ್ಟುವ, ವಾಷಿಂಗ್ ಮಷೀನ್ ಬಾಗಿಲು ತೆಗೆಯುವ ಕೈ ನಮ್ಮ ಮನೆಯವರದ್ದೇ ತಾನೇ.