ಕಾರ್ಣಿಕದ ಒಂದು ಸಾಲು

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾರೆ. ಅಷ್ಟು ದೊಡ್ಡ ಬಯಲು ಒಮ್ಮೆಗೇ ಸುಮ್ಮನಾಗುತ್ತದೆ. ಕಾರ್ಣಿಕವೆಂಬ ಭವಿಷ್ಯವಾಣಿಯ ಒಂದೇ ಸಾಲು ನುಡಿದು ಮೇಲಿಂದ ಬೀಳುವ ಅವರನ್ನು ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ.

ಆ ಸಾಲಿನ ಕಟ್ಟಣೆಗೆ ನಾನು ಮನಸೋತಿದ್ದೇನೆ. 2023ರಲ್ಲಿ, ವಿಧಾನಸಭೆ ಚುನಾವಣೆಗೆ ಮೂರು ತಿಂಗಳಿರುವಾಗ ಬಂದ ನುಡಿ: ‘ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್’. ಯಾರ ಹೆಸರೂ ಇಲ್ಲ, ಪಕ್ಷವೂ ಇಲ್ಲ. ರೈತರು ಅದರಲ್ಲಿ ಮಳೆ ಬೆಳೆ ಹುಡುಕಿದರೆ ರಾಜಕಾರಣಿಗಳು ಕುರ್ಚಿ ಹುಡುಕುತ್ತಾರೆ. ಕಂಬಳಿ ಎಂದೊಡನೆ ಕುರುಬ ಸಮುದಾಯದ ನಾಯಕರತ್ತ ಬೆರಳು ತೋರಿದವರೂ ಇದ್ದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಕಡೆಯವರಿಗೆ ಇದು ಚಹಾ ಅಂಗಡಿಯ ಮಾತು.

ಕೇಳಿದವರು ತಮಗೆ ಬೇಕಾದ ಅರ್ಥ ಹುಡುಕಿಕೊಳ್ಳುವ ಮಾತು ಬೇರೆಡೆಯೂ ಇದೆ. 1958ರ ಜೂನ್ 4ರಂದು ಅಲ್ಜಿಯರ್ಸ್‌ನಲ್ಲಿ ನೆರೆದ ಜನಸ್ತೋಮಕ್ಕೆ ಫ್ರಾನ್ಸಿನ ನಾಯಕ ಶಾರ್ಲ್ ದ ಗಾಲ್ ಫ್ರೆಂಚಿನಲ್ಲಿ ಹೇಳಿದರು: ನಿಮ್ಮನ್ನು ಅರ್ಥಮಾಡಿಕೊಂಡಿದ್ದೇನೆ. ಅಲ್ಜೀರಿಯಾ ಫ್ರಾನ್ಸಿಗೇ ಉಳಿಯಿತೆಂದು ಅಲ್ಲಿನ ಫ್ರೆಂಚ್ ವಸಾಹತಿಗರು ಹಿಗ್ಗಿದರು. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು. ಇಂಗ್ಲಿಷಿಗೆ ತರುವವರು ದ ಗಾಲ್ ಅವರ ಆ ಸಾಲನ್ನು ‘ನಿಮ್ಮ ಬೆನ್ನಿಗಿದ್ದೇನೆ’ ಎಂದು ಬಿಡಿಸಿ ಬರೆದರೆ ಮಾತಿನ ಜೀವವೇ ಹೋಯಿತು. ಕಾರ್ಣಿಕವನ್ನು ಹೊರಗಿನವರಿಗೆ ಮುಟ್ಟಿಸುವಾಗಲೂ ಅಂಬಲಿಯನ್ನು ಅಂಬಲಿಯಾಗಿ, ಕಂಬಳಿಯನ್ನು ಕಂಬಳಿಯಾಗಿಯೇ ಬಿಡುವ ವರದಿಗಾರರು ನನಗೆ ಬಹಳ ಮೆಚ್ಚು. ಅರ್ಥ ಹೇಳುವ ಹಕ್ಕು ಜಾತ್ರೆಗೆ ಬಂದವರದು. ಮುಂದಿನ ಹುಣ್ಣಿಮೆಯವರೆಗೂ ಅವರು ಹೇಳುತ್ತಲೇ ಇರುತ್ತಾರೆ.