ಮಟ್ಟುಗುಳ್ಳದ ಹುಳು ಮತ್ತು ಬಿ.ಟಿ. ಸಂಶೋಧನೆ: ಒಂದು ವಿಮರ್ಶೆ

ಉಡುಪಿಯ ಅಂಬಲಪಾಡಿಯಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿ, ಉದ್ಯಾವರ ದಾಟಿ, ಕಟಪಾಡಿಯಲ್ಲಿ ಕಡಲಿನತ್ತ ತಿರುಗಿದರೆ ಮಟ್ಟು ಗ್ರಾಮ ಸಿಗುತ್ತದೆ. ಹಸಿರು ಮೈಮೇಲೆ ಬಿಳಿ ಗೀರುಗಳಿರುವ ಇಲ್ಲಿನ ದುಂಡು ಬದನೆಯೇ ಮಟ್ಟುಗುಳ್ಳ. ಇದು ವಾದಿರಾಜರು ಕೊಟ್ಟ ಬೀಜವೆಂಬುದು ಊರಿನವರ ನಂಬಿಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು.

ಗುಳ್ಳವನ್ನು ಹೋಳು ಮಾಡುವಾಗ ಒಳಗಿನಿಂದ ನಸುಗೆಂಪು ಹುಳು ಇಣುಕಿದ್ದನ್ನು ನೀವೂ ಕಂಡಿರಬಹುದು. ಅದು ಕುಡಿ ಮತ್ತು ಕಾಯಿ ಕೊರೆಯುವ ಹುಳು. ಶಾಸ್ತ್ರೀಯ ಹೆಸರು ಲ್ಯೂಸಿನೋಡಿಸ್ ಆರ್ಬೊನಾಲಿಸ್. ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಮರಿಹುಳು ಕುಡಿಯನ್ನೋ ಕಾಯಿಯನ್ನೋ ಹೊಕ್ಕು, ತೂತನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಸಿಂಪಡಿಸಿದರೂ ಔಷಧ ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ರೈತ ಮತ್ತೆ ಮತ್ತೆ ಸಿಂಪಡಿಸುತ್ತಾನೆ. ಉಳಿದ ವಿಷ ಸೇರುವುದು ನಮ್ಮ ಅಡುಗೆಮನೆಗೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಬಿ.ಟಿ. ಬದನೆ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯದ ಜೀನನ್ನು ಮಹಿಕೊ ಕಂಪನಿ ಬದನೆಗೆ ಸೇರಿಸಿತು. ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಆ ಗುಣವನ್ನು ಸಂಕರಣದ ಮೂಲಕ ನಾಡತಳಿಗಳಿಗೆ ತಂದಿತು. ಪಟ್ಟಿಯಲ್ಲಿ 'ಉಡುಪಿ ಗುಳ್ಳ'ವೂ ಇತ್ತು. ಗಿಡ ತಯಾರಿಸುವ ಕ್ರೈ1ಎಸಿ ಪ್ರೋಟೀನು ಹುಳುವಿನ ಕ್ಷಾರೀಯ ಕರುಳಿನಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿ, ಅಲ್ಲಿ ರಂಧ್ರ ಮಾಡುತ್ತದೆ. ಹುಳು ಕಾಯಿಯೊಳಗೆ ಅಡಗಿದ್ದರೂ ತಪ್ಪಿಸಿಕೊಳ್ಳಲಾರದು.

ಈ ಸಂಶೋಧನೆಯ ಎರಡು ಗುಣಗಳನ್ನು ಒಪ್ಪಲೇಬೇಕು. ಸಿಂಪರಣೆ ಸೋತ ಜಾಗದಲ್ಲೇ ಅದು ಹುಳುವನ್ನು ಹಿಡಿಯುತ್ತದೆ. 2014ರಿಂದ ಬಿ.ಟಿ. ಬದನೆ ಬೆಳೆಯುತ್ತಿರುವ ಬಾಂಗ್ಲಾದೇಶದಲ್ಲಿ ಕೀಟನಾಶಕದ ಬಳಕೆ ತಗ್ಗಿದ್ದು ಅಧ್ಯಯನಗಳಿಂದ ತಿಳಿದಿದೆ. ಎರಡನೆಯದಾಗಿ, ವಿಶ್ವವಿದ್ಯಾಲಯ ಆರಿಸಿದ್ದು ಹೈಬ್ರಿಡ್‌ಗಳನ್ನಲ್ಲ, ರೈತರೇ ಬೀಜ ಎತ್ತಿಡಬಹುದಾದ ತಳಿಗಳನ್ನು.

ಆದರೆ ತೊಡಕು ಹುಟ್ಟುವುದೂ ಇಲ್ಲಿಯೇ. ಬದನೆ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದರೂ ಜೇನ್ನೊಣಗಳು ಒಂದಿಷ್ಟು ಪರಾಗವನ್ನು ಪಕ್ಕದ ಗದ್ದೆಗೆ ಒಯ್ಯುತ್ತವೆ. ಬೀಜವನ್ನು ಮನೆಯಲ್ಲೇ ಎತ್ತಿಡುವ, ಗದ್ದೆಗೆ ಗದ್ದೆ ತಾಗಿರುವ ಊರಿನಲ್ಲಿ ಹೊಸ ಜೀನು ಒಮ್ಮೆ ಬೆರೆತರೆ ಹಿಂದಕ್ಕೆ ಪಡೆಯುವ ದಾರಿಯಿಲ್ಲ. ಊರಿನ ಹೆಸರಿನಿಂದಲೇ ಬೆಲೆ ಪಡೆಯುವ ತಳಿಗೆ ಇದು ಸಣ್ಣ ಮಾತೇ? ಸ್ಥಳೀಯ ತಳಿಗಳ ಬಳಕೆಗೆ ಜೀವವೈವಿಧ್ಯ ಕಾಯಿದೆಯಂತೆ ಅನುಮತಿ ಪಡೆದಿದ್ದರೇ ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಯಿತು.

ಮತ್ತೊಂದು ಕೊರತೆ ಕೀಟಶಾಸ್ತ್ರದ್ದೇ. ಒಂದೇ ವಿಷವನ್ನು ಸದಾ ಎದುರಿಸುವ ಕೀಟ ಅದಕ್ಕೆ ನಿರೋಧ ಬೆಳೆಸಿಕೊಳ್ಳುತ್ತದೆ. ಗುಜರಾತಿನ ಬಿ.ಟಿ. ಹತ್ತಿಯಲ್ಲಿ ಗುಲಾಬಿ ಕಾಯಿಕೊರಕ ಇದೇ ಕ್ರೈ1ಎಸಿಯನ್ನು ಗೆದ್ದದ್ದು 2010ರಲ್ಲಿ ಬಹಿರಂಗವಾಯಿತು. ಇದನ್ನು ತಡೆಯಲು ಬಿ.ಟಿ. ಗಿಡಗಳ ಬದಿಯಲ್ಲಿ ಸಾಮಾನ್ಯ ಬದನೆಯ ಸಾಲುಗಳನ್ನು ಬಿಡಬೇಕು. ತುಂಡು ಗದ್ದೆಯ ರೈತ ಹುಳುವಿಗೆಂದು ಎಷ್ಟು ಸಾಲು ಬಿಟ್ಟಾನು? ಜಿಗಿಹುಳು, ಬಿಳಿನೊಣ, ನುಸಿಗಳ ಮೇಲೆ ಈ ಪ್ರೋಟೀನಿನ ಆಟ ನಡೆಯುವುದಿಲ್ಲ; ಸೊರಗು ರೋಗಕ್ಕಂತೂ ಇದು ಮದ್ದೇ ಅಲ್ಲ.

2009ರ ಅಕ್ಟೋಬರಿನಲ್ಲಿ ತಜ್ಞ ಸಮಿತಿ ಬಿ.ಟಿ. ಬದನೆಯನ್ನು ಒಪ್ಪಿತು. 2010ರ ಫೆಬ್ರವರಿ 9ರಂದು ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಅದರ ಬಿಡುಗಡೆಯನ್ನು ತಡೆಹಿಡಿದರು. ತಳಿ ಉಳಿಯಿತು ಎಂದು ಹಲವರು ಸಂತೋಷಪಟ್ಟರು. ಆದರೆ ಹುಳುವೂ ಉಳಿಯಿತು, ಸಿಂಪರಣೆಯೂ ಉಳಿಯಿತು. ತಡೆಯಾಜ್ಞೆ ಕೀಟ ನಿಯಂತ್ರಣವಲ್ಲ.

ಬಾಡಿದ ಕುಡಿಗಳನ್ನು ಹುಳುಸಹಿತ ಚಿವುಟಿ ನಾಶಮಾಡುವುದು, ಕೊರೆದ ಕಾಯಿಗಳನ್ನು ಗದ್ದೆಯಲ್ಲೇ ಬಿಡದಿರುವುದು, ಗಂಡು ಪತಂಗಗಳಿಗೆ ಮೋಹಕ ಬಲೆ ಕಟ್ಟುವುದು, ಕೊಯ್ಲು ಮುಗಿದ ಗಿಡಗಳನ್ನು ರಾಶಿ ಹಾಕದಿರುವುದು: ಇವೆಲ್ಲ ತಿಳಿದ ಕ್ರಮಗಳೇ. ಒಬ್ಬನೇ ಮಾಡಿದರೆ ಪಕ್ಕದ ಗದ್ದೆಯ ಪತಂಗ ಹಾರಿ ಬರುತ್ತದೆ; ಇಡೀ ಊರು ಒಟ್ಟಾಗಿ ಮಾಡಬೇಕು. ಬಿ.ಟಿ. ಗುಳ್ಳವನ್ನು ತೂಗಬೇಕಾದದ್ದು ಈ ಸಾಮೂಹಿಕ ಕ್ರಮದ ಎದುರಿಗೆ, ಮಟ್ಟುವಿನ ಗದ್ದೆಯಲ್ಲೇ, ಅಲ್ಲಿನ ರೈತರನ್ನು ಜೊತೆಗಿಟ್ಟುಕೊಂಡು. ಈ ಸಂಶೋಧನೆ ಹುಳುವನ್ನು ಚೆನ್ನಾಗಿ ಅರಿತಿತ್ತು, ಊರನ್ನು ಅಷ್ಟಾಗಿ ಅರಿಯಲಿಲ್ಲ.

ನಿಮ್ಮದೂ ಒಂದು ಪಾಲಿದೆ. ಒಂದು ಚುಕ್ಕೆ ಕಂಡರೂ ಕಾಯಿಯನ್ನು ಬದಿಗೆ ಸರಿಸುವ ನಮ್ಮ ಕೈಯೇ ರೈತನ ಕೈಗೆ ಸಿಂಪರಣಾ ಯಂತ್ರವನ್ನು ಕೊಡುತ್ತದೆ. ಮುಂದಿನ ಬಾರಿ ಗುಳ್ಳ ಆರಿಸುವಾಗ ಇದನ್ನು ನೆನೆಯಿರಿ.